ಬೀಳುವ ಮೊದಲೇ ಬಂದವನು

ಆಗ ನನಗೆ ಅರವತ್ತೆರಡು. ಇದಾಗಿ ಮೂರು ವರ್ಷವಾಯಿತು. ಬಿಕರ್ನಕಟ್ಟೆಯ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಅಟೆಂಡರ್. ಗುಡಿಸುವುದು, ಒರೆಸುವುದು, ಚಾ ಮಾಡುವುದು, ಬಂದವರನ್ನು ಕೂರಿಸುವುದು ನನ್ನ ಕೆಲಸ.

ಬರುತ್ತಿದ್ದವರು ಒಳ್ಳೆಯ ಜನರಲ್ಲ. ಮಕ್ಕಳನ್ನು ಹಿಂಸಿಸಿ ತೆಗೆದ ಚಿತ್ರಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಇನ್ನೊಬ್ಬರಿಗೆ ಕಳಿಸಿ, ಸಿಕ್ಕಿಬಿದ್ದು, ಶಿಕ್ಷೆ ಮುಗಿಸಿದ ಗಂಡಸರು. ಇವರಲ್ಲಿ ಯಾರು ಮತ್ತೆ ಅದಕ್ಕೇ ಕೈ ಹಾಕುತ್ತಾರೆ, ಯಾರು ಹಾಕುವುದಿಲ್ಲ, ಯಾಕೆ ಎಂದು ವೀಣಾ ಮೇಡಂ ಅಧ್ಯಯನ ಮಾಡುತ್ತಿದ್ದರು. ಮತ್ತೆ ಬೀಳುವ ಸಾಧ್ಯತೆಗೆ ಅವರು ‘ರಿಸ್ಕ್’ ಎನ್ನುತ್ತಿದ್ದರು. ಆಗಾಗ ಕರೆಸಿ ವಿಚಾರಿಸುವುದಕ್ಕೆ ‘ಫಾಲೋ-ಅಪ್’. ಹೆಸರು ಹಿಡಿದು ಕರೆಯುವಂತಿಲ್ಲ, ನಂಬರ್ ಮಾತ್ರ.

ಮೊದಲ ವಾರವೇ ನಾನು ಕೈಯಲ್ಲಿದ್ದ ಪೊರಕೆ ಎತ್ತಿ ಹೇಳಿದೆ, “ಇವರಿಗೆ ಚಾ ಯಾಕೆ ಮೇಡಂ? ಹಿಡಿಸೂಡಿಯಲ್ಲಿ ನಾಲ್ಕು ಕೊಡುವ.”

“ಪೆಟ್ಟು ಕೊಡಿ ಲಲಿತಕ್ಕ. ಆಮೇಲೆ ಅವ ಎಲ್ಲಿ ಹೋದ, ಎಂತ ಮಾಡ್ತಾನೆ ಅಂತ ಯಾರು ನೋಡುದು? ನೀವಾ?”

ಚಾ ಕೊಟ್ಟೆ. ಸಕ್ಕರೆ ಕಡಿಮೆ ಹಾಕಿದೆ.

ಏಳನೇ ನಂಬರಿನವನು ಬಂದರಿನ ಐಸ್ ಪ್ಲಾಂಟಿನಲ್ಲಿ ದುಡಿದು ಅಲ್ಲೇ ಮಲಗುತ್ತಿದ್ದ. ಇಂಟರ್ನೆಟ್ ಇರುವ ಫೋನ್ ಮುಟ್ಟುವುದಿಲ್ಲ ಎಂದು ಮೇಡಂ ಎದುರು ಒಪ್ಪಿಕೊಂಡಿದ್ದ. ಬಟನ್ ಒತ್ತುವ ಸಣ್ಣ ಫೋನ್ ಮಾತ್ರ ಇತ್ತು. ನಿಲ್ಲುತ್ತಾನೋ ಬೀಳುತ್ತಾನೋ, ಮೇಡಂಗೂ ಖಾತ್ರಿ ಇರಲಿಲ್ಲ.

ಒಂದು ಆದಿತ್ಯವಾರ ನೆಲ ತೊಳೆಯಲೆಂದು ನಾನೊಬ್ಬಳೇ ಬಂದಿದ್ದೆ. ಮೇಡಂ ಬೆಂಗಳೂರಿನಲ್ಲಿದ್ದರು. ಏಳನೆಯವನು ಮೆಟ್ಟಿಲ ಕೆಳಗೆ ಬಂದು ನಿಂತ. ಕೈಯಲ್ಲಿ ಹೊಸ ಸ್ಮಾರ್ಟ್‌ಫೋನಿನ ಪೆಟ್ಟಿಗೆ. ಸೀಲ್ ಒಡೆದಿರಲಿಲ್ಲ.

“ಭಾವ ನಿನ್ನೆ ದುಬಾಯಿಯಿಂದ ಬಂದ್ರು. ಎಲ್ಲರಿಗೂ ಒಂದೊಂದು ತಂದಿದ್ದಾರೆ. ಬೇಡ ಅಂತ ಹೇಗೆ ಹೇಳುದು ಅಕ್ಕ? ಇದು ಇವತ್ತು ನನ್ನ ಹತ್ತಿರ ಇದ್ರೆ ನಾನು ಇವತ್ತೇ ಹಾಳಾಗ್ತೇನೆ. ನೀವು ಇಟ್ಕೊಳ್ಳಿ.”

“ನಾನೆಂತ ಬ್ಯಾಂಕಾ? ಕೂತ್ಕೊ ಅಲ್ಲಿ.”

ನಮ್ಮಲ್ಲಿ ಗಲ್ಫಿನವರು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು ಮನೆಗೆ ಬಂದರೆ ಮೊದಲು ಪೆಟ್ಟಿಗೆ ಬಿಚ್ಚಿ ಎಲ್ಲರಿಗೂ ಹಂಚಬೇಕು. ತೆಗೆದುಕೊಳ್ಳದಿದ್ದರೆ ಜಗಳ, ಕೊಡದಿದ್ದರೆ ಇನ್ನೂ ದೊಡ್ಡ ಜಗಳ.

ಮೇಡಂಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಖುಷಿಯಲ್ಲಿ ಕಿರುಚಿಯೇ ಬಿಟ್ಟರು. “ಲಲಿತಕ್ಕ, ಬಿದ್ದವರ ಸುದ್ದಿ ಪೊಲೀಸರೇ ತಂದು ಕೊಡ್ತಾರೆ. ಬೀಳುವ ಮೊದಲೇ ನಮ್ಮ ಬಾಗಿಲಿಗೆ ಬಂದವ ಇವನೊಬ್ಬ! ಭಾವನನ್ನು ಕರೆಸ್ಲಿ, ಫೋನ್ ಯಾಕೆ ಬೇಡ ಅಂತ ಇವನೇ ಬಾಯಿ ಬಿಟ್ಟು ಹೇಳ್ಲಿ. ನೀವು ಹೇಳ್ಬೇಡಿ.”

ಭಾವ ಬಂದರು. ಅತ್ತರಿನ ಪರಿಮಳ ಮೊದಲು, ಅವರು ಆಮೇಲೆ.

“ನನ್ನ ಗಿಫ್ಟ್ ಬೇಡ ಅಂತ ಇಲ್ಲಿ ಕಂಪ್ಲೇಂಟ್ ಕೊಡ್ಲಿಕ್ಕೆ ಬಂದದ್ದಾ ನೀನು?”

ಇವನದು ಯಾರಿಗೋ ಬೈದು ಮೆಸೇಜ್ ಹಾಕಿದ ಕೇಸ್ ಎಂದು ಭಾವನ ಹೆಂಡತಿ, ಅಂದರೆ ಇವನ ಅಕ್ಕ, ಅವರನ್ನು ನಂಬಿಸಿದ್ದಳು. ಏಳನೆಯವನು ತಲೆ ತಗ್ಗಿಸಿ, ಎಂಥ ಚಿತ್ರ, ಯಾರ ಚಿತ್ರ ಎಂದು ಹೇಳಿದ. “ಅದಕ್ಕೇ ಭಾವ, ಈ ಫೋನ್ ನನಗೆ ಬೇಡ.”

ಭಾವನ ಮುಖ ಬಿಳುಚಿತು. ಅವರಿಗೂ ಇಬ್ಬರು ಮಕ್ಕಳು. ಎದ್ದು ಅಂಗಳಕ್ಕೆ ಹೋದರು. ಇವನಿಗೆ ಉಳಿದಿದ್ದ ಒಂದು ಮನೆಯೂ ಮುಚ್ಚಿತು ಎಂದುಕೊಂಡೆ. ತುಂಬ ಹೊತ್ತಿನ ಮೇಲೆ ತಿರುಗಿ ಬಂದರು.

“ನನ್ನ ಮಕ್ಕಳ ಜೊತೆ ನೀನೊಬ್ಬನೇ ಇರ್ಬಾರ್ದು. ಗೊತ್ತಾಯ್ತಾ?”

“ಇರುದಿಲ್ಲ.”

“ಊಟಕ್ಕೆ ಬಾ. ನಾನು ಮನೆಯಲ್ಲಿದ್ದಾಗ ಮಾತ್ರ.” ಫೋನನ್ನು ಚೀಲಕ್ಕೆ ಹಾಕಿಕೊಂಡು ತಲೆ ಕೆರೆದರು. “ಈಗ ಇವನಿಗೆ ಎಂತ ಕೊಡುದು? ಕೊಡದಿದ್ರೆ ಅತ್ತೆ ನನ್ನನ್ನು ತಿಂತಾರೆ.”

“ಕಂಬಳಿ ಕೊಡಿ ಮಾರಾಯ್ರೆ,” ಎಂದೆ. “ಐಸಿನ ಮಧ್ಯ ಮಲಗುವವ.”

ಮೊದಲು ಭಾವ ನಕ್ಕರು, ಆಮೇಲೆ ಅವನು. ನನಗೂ ತಡೆಯಲಿಲ್ಲ. ಆ ಗೋಡೆಗಳ ಒಳಗೆ ನಗು ಕೇಳಿದ್ದು ಅದೇ ಮೊದಲು. ಅವತ್ತು ಚಾಕ್ಕೆ ಸಕ್ಕರೆ ಸರಿಯಾಗಿ ಹಾಕಿದೆ.

ಅವನು ಒಳ್ಳೆಯವನಾದ ಎಂದು ನಾನು ಹೇಳುವುದಿಲ್ಲ. ಆ ಚಿತ್ರದ ಮಕ್ಕಳಿಗೆ ಆದದ್ದು ಆಗಿಯೇ ಹೋಗಿದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಅಂಥವನ ಮೇಲೆ ಮನೆಯವರ ಕಣ್ಣಿರಬೇಕು, ಕೈ ತುರಿಸಿದ ದಿನ ಓಡಿ ಬರಲು ಒಂದು ಜಾಗವೂ ಇರಬೇಕು. ತುರಿಸುವ ಕೈಗೆ ಆದಿತ್ಯವಾರ, ಸೋಮವಾರ ಎಂದು ಗೊತ್ತಾಗುವುದಿಲ್ಲ.

ಮರುದಿನ ಬೆಳಿಗ್ಗೆ, ಪೇಂಟ್ ಕೆಲಸದ ನೆರೆಯವನಿಂದ ಸ್ವಲ್ಪ ಥಿನ್ನರ್ ತಂದು, ಕೇಂದ್ರದ ಬಾಗಿಲಿನ ಬೋರ್ಡಿನ ಮೇಲಿದ್ದ ‘ಆದಿತ್ಯವಾರ ರಜೆ’ಯನ್ನು ಉಜ್ಜಿ ತೆಗೆದೆ.