ಬೆರಳಿಗೆ ಮರಳಿದ ತಂಪು

ಅಂದು ಬೆಳಿಗ್ಗೆ ಕಣ್ಣು ಮುಚ್ಚಿ ಪೂಜೆಗೆ ಕುಳಿತಿದ್ದಾಗ ನನ್ನ ಇಷ್ಟಲಿಂಗ ಎಡಗೈಯಿಂದ ಜಾರಿತು. ನೆಲಕ್ಕೆ ಬೀಳಲಿಲ್ಲ, ಮಡಿಲಿಗೆ ಬಿತ್ತು. ಅಷ್ಟರಮಟ್ಟಿಗೆ ಬಸವಣ್ಣ ಕಾಪಾಡಿದ. ಆದರೆ ಅದು ಜಾರಿದ್ದು ನನ್ನ ಬೆರಳುಗಳಿಗೆ ಗೊತ್ತೇ ಆಗಲಿಲ್ಲ. ಕಣ್ಣು ತೆರೆದರೆ ಅಂಗೈ ಬರಿದು. ದೀಕ್ಷೆಯ ದಿನ ಗುರುಗಳು ಕೊಟ್ಟದ್ದನ್ನು ಹಿಡಿಯಲಾರದ ಕೈ ಇದ್ದರೇನು ಫಲ ಎಂದು ಕುಳಿತಲ್ಲೇ ಅತ್ತೆ. ಶರಣ ಬಂಧುಗಳೇ, ನನ್ನಂತೆ ಕೈ ಜೋಮು ಹಿಡಿದು ಹೆದರಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಸವನ ಬಾಗೇವಾಡಿಯಲ್ಲಿ ಖಾನಾವಳಿ ನಡೆಸುವ ಗುರುಬಸವ್ವ. ಇದು ನಡೆದದ್ದು ಕನ್ನಡ ನಾಡು ಒಂದಾಗಿ ಎರಡು ಮೂರು ವರ್ಷವಾದ ಮೇಲೆ. ಹುಟ್ಟಿನಿಂದ ನಾನು ಎಡಚಿ. ಬಲಗೈಯಿಂದ ಊಟ ಮಾಡುವುದನ್ನು ಅವ್ವ ಹೊಡೆದು ಕಲಿಸಿದಳು, ಆದರೆ ರೊಟ್ಟಿ ಬಡಿಯಲು ಇಂದಿಗೂ ಎಡಗೈಯೇ ಮುಂದು. ಸಂತೆಗೆ ಬಂದವರಿಗೂ ಕಚೇರಿಗೆ ಬಂದವರಿಗೂ ಬಿಸಿ ರೊಟ್ಟಿಯೇ ಬೇಕು. ನಾದಿ ನಾದಿ, ಬಡಿದು ಬಡಿದು ಆ ಕೈಯ ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳು ಮಲಗಿದಾಗ ಚುಮುಚುಮು ಎನ್ನತೊಡಗಿದವು. ಆಮೇಲೆ ಹಗಲೂ ಜೋಮು. ಕಡೆಗೆ ಬಿಸಿ ಹಂಚು ತಾಗಿದರೂ ಬೆರಳ ತುದಿಗೆ ತಿಳಿಯದಾಯಿತು.

ಇದು ಕುಷ್ಠವೇ ಇರಬೇಕೆಂದು ನಾನು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಖಾನಾವಳಿಯವಳ ಕೈಗೆ ಅಂಥ ಹೆಸರು ಬಂದರೆ ಯಾರು ಎಲೆ ಮುಂದೆ ಕೂರುತ್ತಾರೆ? ಆದರೆ ಲಿಂಗ ಜಾರಿದ ದಿನ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಪಕ್ಕದ ಮನೆಯ ಹುಸೇನಬಿಯ ಮುಂದೆ ಎಲ್ಲ ಹೇಳಿಕೊಂಡೆ.

ಹುಸೇನಬಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿರುವಿ ನೋಡಿದಳು. "ಹುಚ್ಚವ್ವಾ, ನಮ್ಮ ತಮ್ಮನ ಹೇಣ್ತಿಗೂ ಹಿಂಗ ಆಗಿತ್ತು. ಸೊಲ್ಲಾಪುರದಾಗ ಕೈ ಕೊಯ್ಸಿದ ಮ್ಯಾಲೆ ಆರಾಮ ಆದ್ಲು. ಮೊದ್ಲ ಡಾಕ್ಟರಿಗೆ ತೋರ್ಸು, ಆಮ್ಯಾಗ ಬೇಕಾದಷ್ಟು ಅಳುವಂತಿ," ಎಂದಳು.

ಸೊಲ್ಲಾಪುರಕ್ಕೆ ಹೊರಡುವ ಮುನ್ನ ಬಸವಣ್ಣನ ಗುಡಿಗೆ ಹೋಗಿ ಬೇಡಿಕೊಂಡೆ: "ರೊಟ್ಟಿ ಯಾರಾದರೂ ಬಡಿಯಲಿ ತಂದೆ, ಲಿಂಗ ಹಿಡಿಯುವಷ್ಟು ಕೈ ನನಗೆ ಉಳಿಸು." ಸಂಕ್ರಾಂತಿ ಮುಗಿದಿತ್ತು. ನಮ್ಮ ಯಜಮಾನರೂ ನಾನೂ ಬಸ್ಸಿನಲ್ಲಿ ಸ್ಟೇಶನ್ನಿಗೆ ಹೋಗಿ ಸೊಲ್ಲಾಪುರದ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವರು ಬುತ್ತಿಯ ಗಂಟನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡಿದ್ದರು.

ಅಲ್ಲಿನ ಡಾಕ್ಟರು ಅಥಣಿ ಕಡೆಯವರು, ಕನ್ನಡ ಬಲ್ಲವರು. ಸೂಜಿಯಿಂದ ಬೆರಳು ಚುಚ್ಚಿ, ಮುಂಗೈ ಮಡಚಿಸಿ ನೋಡಿ ನಕ್ಕರು. "ಅವ್ವಾರ, ನೀವು ಅಂದ್ಕೊಂಡ ರೋಗ ಇದಲ್ಲ. ಮಣಿಕಟ್ಟಿನಾಗ ಒಂದು ನರ ಇಕ್ಕಟ್ಟಿಗೆ ಸಿಕ್ಕೈತಿ. ಅದರ ಮ್ಯಾಲಿನ ಬಿಗಿ ಪಟ್ಟಿ ಕೊಯ್ದು ಅದಕ್ಕ ಜಾಗಾ ಮಾಡಿಕೊಡ್ತೇನಿ," ಎಂದರು. ಆ ಒಂದು ಮಾತಿಗೆ ಅರ್ಧ ಜೀವ ಬಂತು.

ಆಪರೇಶನ್ ಕೋಣೆಯ ಬಾಗಿಲಲ್ಲಿ ನರ್ಸಬಾಯಿ ದಾಗೀನೆಲ್ಲ ತೆಗೆಯಿರಿ ಎಂದಳು. ಬಳೆ, ಬೆಂಡೋಲೆ ತೆಗೆದುಕೊಟ್ಟೆ. ಅವಳು ಕೊರಳಿನ ಲಿಂಗದ ವಸ್ತ್ರಕ್ಕೆ ಕೈ ಹಾಕಿದಾಗ ಮಾತ್ರ, "ಇದು ದಾಗೀನ ಅಲ್ರಿ ಬಾಯಿ, ಇದು ಹೋದ್ರ ನಾನೂ ಹೊಂಟೆ," ಎಂದು ಹಿಂದೆ ಸರಿದೆ. ಡಾಕ್ಟರು ಒಳಗಿನಿಂದಲೇ "ಇರ್ಲಿ ಬಿಡು," ಎಂದರು. ಕೈ ಮಾತ್ರ ಮರಗಟ್ಟುವಂತೆ ಸೂಜಿ ಹಾಕಿದ್ದರಿಂದ ಎಚ್ಚರವಾಗಿಯೇ ಇದ್ದೆ. ನಮಃ ಶಿವಾಯ ಎನ್ನುತ್ತಾ ಸೂರು ನೋಡುತ್ತಿದ್ದೆ, ಅಷ್ಟರಲ್ಲಿ ಹೊಲಿಗೆಯೂ ಮುಗಿದಿತ್ತು.

ಆಮೇಲಿನದನ್ನು ನೀವು ತಿಳಿದಿರಬೇಕು. ಮೊದಲ ಎರಡು ಮೂರು ದಿನ ಕೈ ಟಸಟಸ ಎಂದು ನೋಯುತ್ತದೆ. ದಿಂಬಿನ ಮೇಲೆ ಎತ್ತರಕ್ಕೆ ಇಟ್ಟರೆ ಕಡಿಮೆ. ಗಾಯದ ಪಟ್ಟಿಗೆ ನೀರು ತಾಗಬಾರದು. ಮಲಗಿದಾಗಿನ ಚುಮುಚುಮು ಬೇಗ ಹೋಗುತ್ತದೆ, ಜೋಮು ಹೋಗಲು ತಿಂಗಳುಗಳೇ ಬೇಕು. "ಬೆರಳು ಮಾತ್ರ ದಿನಾ ಆಡಿಸ್ತಾ ಇರ್ರಿ," ಎಂದು ಡಾಕ್ಟರು ಸಾರಿ ಸಾರಿ ಹೇಳಿ ಕಳಿಸಿದ್ದರು.

ಊರಿಗೆ ಬಂದ ಮೇಲೆ ಅದನ್ನು ಕೇಳಿದವರು ಯಾರು? "ಅಲುಗಾಡಿಸಬ್ಯಾಡ, ಹೊಲಿಗಿ ಬಿಚ್ಚತೈತಿ," ಎಂದು ಯಜಮಾನರು ತಮ್ಮ ಹಳೆಯ ರುಮಾಲು ಹರಿದು, ನನ್ನ ಕೈಯನ್ನು ಎದೆಗೆ ಬಿಗಿದು ಕಟ್ಟಿದರು. ನನಗೂ ಅದೇ ಸರಿ ಎನಿಸಿತು. ಬೆರಳುಗಳು ಬಾತು ಕೊರಡಾದವು. ಇನ್ನು ಈ ಕೈ ಇಷ್ಟೇ, ಲಿಂಗಪೂಜೆಯ ಯೋಗ ನನಗೆ ಮುಗಿಯಿತು ಎಂದುಕೊಂಡೆ. ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಮಠದ ಹಿರಿಯ ಅಯ್ಯನವರು ನೋಡಲು ಬಂದರು. ನಾನು ಅಳುತ್ತಲೇ ಕೇಳಿದೆ, "ಲಿಂಗ ಹಿಡಿಯಾಕ ಆಗವಲ್ದು ಅಯ್ಯಾರ, ನನ್ನ ಪೂಜಿ ನಿಂತು ಹೋತಲ್ರಿ?"

"ಯಾರು ನಿಂತೈತಿ ಅಂದವ್ರು? ಕೈ ತಯಾರ ಆಗೂತನಕ ಲಿಂಗ ಎದಿಮ್ಯಾಗ ಇರ್ಲಿ. ಕೈಗೆ ಬ್ಯಾರೆ ಕೆಲಸ ಕೊಡು ತಾಯಿ. ಹೆಬ್ಬೆರಳಿಂದ ಒಂದೊಂದು ಬೆರಳಿನ ಗೆರಿ ಮುಟ್ಟಿ ಜಪಾ ಎಣಸು."

"ಎಡಗೈಲೇ ಎಣಸೂದೇನ್ರಿ?"

"ಬ್ಯಾನಿ ಇದ್ದದ್ದು ಅದಕ್ಕ, ಬೇಡಕೊಳ್ಳೂದೂ ಅದ ಬೇಡಕೊಳ್ಳಲಿ."

ಅಯ್ಯನವರ ಮಾತಿಗೆ ಯಜಮಾನರು ಎದುರಾಡಲಾರರು. ತಾವೇ ರುಮಾಲು ಬಿಚ್ಚಿದರು. ಮೊದಲ ದಿನ ಹೆಬ್ಬೆರಳು ತೋರುಬೆರಳಿನ ತುದಿಯನ್ನೂ ಮುಟ್ಟಲಿಲ್ಲ. ನೋವಿಗೆ ಕಣ್ಣಲ್ಲಿ ನೀರು. ಡಾಕ್ಟರು ಹೇಳಿದಾಗ ಮಾಡದವಳು ಜಪವೆಂದ ಮೇಲೆ ಬಿಡಲಿಲ್ಲ. ಹೊಲಿಗೆ ಬಿಚ್ಚಿಸಲು ಹೋಗುವ ಹೊತ್ತಿಗೆ ಹೆಬ್ಬೆರಳು ಕಿರುಬೆರಳಿನವರೆಗೆ ಹೋಗಿ ಬರುತ್ತಿತ್ತು. ಡಾಕ್ಟರು ನೋಡಿ, "ಭಲೇ! ಹೇಳಿದಂಗ ಆಡಿಸೀರಿ," ಎಂದರು. ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಗಾಯ ಮಾಗಿದರೂ ಗುರುತಿನ ಜಾಗ ಗಟ್ಟಿಯಾಗಿ, ಒತ್ತಿದರೆ ನೋಯುತ್ತಿತ್ತು. ತುಂಬಿದ ಕೊಡ ಎತ್ತಲಾಗುತ್ತಿರಲಿಲ್ಲ. ಕೈಗೆ ಬಲ ಬರುವತನಕ ರೊಟ್ಟಿ ಬಡಿದವರು ಯಜಮಾನರೇ. ಊಟಕ್ಕೆ ಬರುವ ಮಾಸ್ತರರೊಬ್ಬರು ಅಂಕುಡೊಂಕು ರೊಟ್ಟಿ ಎತ್ತಿ ಹಿಡಿದು, "ಗುರುಬಸವ್ವಾರ, ಇದು ಮುದ್ದೇಬಿಹಾಳ ತಾಲೂಕಿನ ನಕಾಶಿ ಇದ್ದಂಗ ಐತಲ್ರಿ," ಎಂದರು. ಯಜಮಾನರು ಸಿಟ್ಟಾಗಲಿಲ್ಲ. "ತಿನ್ರಿ ಮಾಸ್ತರ, ನಾಳೆ ಸಿಂದಗಿ ಮಾಡ್ತೇನಿ," ಎಂದರು. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕೆ.

ಲಿಂಗಪೂಜೆ ಮತ್ತೆ ಆರಂಭಿಸಿದ್ದೆ. ಆದರೆ ಬೆರಳ ತುದಿ ಇನ್ನೂ ಮಂಕು. ಮತ್ತೆ ಜಾರೀತೆಂಬ ಹೆದರಿಕೆಯಿಂದ ಕಣ್ಣು ಮುಚ್ಚುತ್ತಲೇ ಇರಲಿಲ್ಲ; ಪೂಜೆಯೋ ಕಾವಲೋ ನನಗೇ ತಿಳಿಯುತ್ತಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಲಿಂಗದ ಮೇಲೆ ನೀರೆರೆದೆ. ನೀರು ಅಂಗೈಯಿಂದ ಇಳಿದು ನಡುಬೆರಳಿನ ತುದಿಗೆ ಹರಿಯಿತು. ತಣ್ಣಗೆ ಅನ್ನಿಸಿತು! ನಂಬಲಿಲ್ಲ, ಮತ್ತೊಮ್ಮೆ ಎರೆದೆ. ತಣ್ಣಗೆ. "ಬರ್ರಿ ಇಲ್ಲಿ! ನೀರು ತಣ್ಣಗ ಐತ್ರಿ!" ಎಂದು ಪೂಜೆಯ ನಡುವೆಯೇ ಕೂಗಿದೆ. ಯಜಮಾನರು ಹಿಟ್ಟಿನ ಕೈಯಲ್ಲೇ ಓಡಿಬಂದರು. ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡರು. ಮುಖವೆಲ್ಲ ಹಿಟ್ಟಾಯಿತು.

ದಸರೆಯ ಹೊತ್ತಿಗೆ ರೊಟ್ಟಿ ಬಡಿಯಲೂ ಕುಳಿತೆ. ಮೊದಲ ರೊಟ್ಟಿ ಹುಸೇನಬಿಗೆ ಕೊಟ್ಟೆ. ನಾನು ಬೇಡಿದ್ದು ಲಿಂಗ ಹಿಡಿಯುವಷ್ಟು ಕೈ. ಬಸವಣ್ಣ ಪೂರಾ ಕೈಯನ್ನೇ ಕೊಟ್ಟ. ಒಂದಿಷ್ಟು ಡಾಕ್ಟರರ ಕೈಯಿಂದ, ಒಂದಿಷ್ಟು ಅಯ್ಯನವರ ಬಾಯಿಂದ ಕೊಡಿಸಿದ. ಅವನಿಗೆ ನನ್ನ ಸಾವಿರ ಶರಣು.

ಈಗಲೂ ಪೂಜೆಯಲ್ಲಿ ನೀರೆರೆದು, ಬೆರಳಿಗೆ ತಂಪು ತಾಗುವವರೆಗೆ ಕಾಯುತ್ತೇನೆ. ತಾಗಿದ ಮೇಲೆ ಕಣ್ಣು ಮುಚ್ಚುತ್ತೇನೆ.