ಮಿಸ್ಸಿಗೆ ಕಾಣುತ್ತಿದ್ದ ಗೆರೆ

ಅವರ ಬಲಗೈ ಕಿರುಬೆರಳು ಹೊರಕ್ಕೆ ಬಾಗಿತ್ತು. ಮುರಿದು ಕೂಡಿದ್ದಲ್ಲ, ಮೂವತ್ತು ವರ್ಷಕ್ಕೂ ಮೇಲೆ ಟೈಪ್‌ರೈಟರಿನ ಅಂಚಿನ ಕೀಲಿಗಳನ್ನು ಒತ್ತಿ ಒತ್ತಿ ಹಾಗೇ ನಿಂತುಬಿಟ್ಟಿತ್ತು. ಉಗುರನ್ನು ಮಾಂಸದ ತನಕ ಕತ್ತರಿಸಿಕೊಳ್ಳುತ್ತಿದ್ದರು. ಯಾರಾದರೂ ಮಾತಾಡುತ್ತಿದ್ದರೆ ಕೇಳುತ್ತ ಕೇಳುತ್ತ ಆ ಮಾತನ್ನೇ ಸೀರೆಯ ನೆರಿಗೆಯ ಮೇಲೆ ಟೈಪ್ ಮಾಡುತ್ತಿದ್ದರು. ಎದುರಿಗೆ ಕೂತವರು ಪಾಪ, ಬೆರಳು ನಡುಗುತ್ತಿದೆ ಅಂದುಕೊಳ್ಳುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಮಾತು ಮುಗಿದಾಗ ಬಲಗೈ ಉಂಗುರದ ಬೆರಳು ಒಂದು ಸಲ ಕುಟ್ಟಿ ಪೂರ್ಣವಿರಾಮ ಹಾಕುತ್ತಿತ್ತು.

ಗುಬ್ಬಿಯಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಊರಿಗೆಲ್ಲ ಅವರು ಟೈಪಿಂಗ್ ಮಿಸ್, ನಮಗೆ ಬರೀ ಮಿಸ್. ಪಿಯುಸಿಯಲ್ಲಿ ಹೇಗೋ ದಡ ಮುಟ್ಟಿದ್ದ ನನ್ನನ್ನು ನಮ್ಮಮ್ಮ ಅಲ್ಲಿಗೆ ತಳ್ಳಿದ್ದು, ಮನೆಯಲ್ಲಿ ಕೂತು ಸೀರಿಯಲ್ ನೋಡುತ್ತೇನೆ ಅನ್ನುವ ಸಿಟ್ಟಿಗೆ. ಮೊದಲ ವಾರವೇ ಮಿಸ್ ನನ್ನ ಕೈಗಳ ಮೇಲೆ ಒಂದು ಹಳೇ ಟವೆಲ್ ಹೊದಿಸಿದರು.

"ಬೆರಳನ್ನ ಯಾಕೆ ನೋಡ್ತೀಯೇ? ಅವೇನು ಓಡೋಗ್ತವಾ?"

ಕಡಬದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯರೆಲ್ಲ ಕಿಸಕ್ಕೆಂದು ನಕ್ಕರು. ನಾನು ಟವೆಲಿನ ಕೆಳಗೆ ತಪ್ಪು ಹೊಡೆಯುತ್ತ ಮನಸ್ಸಿನಲ್ಲೇ ಮಿಸ್ಸಿಗೆ ಶಾಪ ಹಾಕಿದೆ. ಮೂರು ತಿಂಗಳಾದ ಮೇಲೆ ಒಂದು ದಿನ ಟವೆಲ್ ತೆಗೆದರು. ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಚೆನ್ನಾಗಿ ಬೆರಳು ಓಡುತ್ತಿತ್ತು.

ಟೈಪ್‌ರೈಟರ್ ಕಾಲ ಮುಗಿಯಿತು ಅಂತ ಊರಿನಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವರಿಗೇ. "ಇಲ್ಲೇ ಕೂತು ತುಕ್ಕು ಹಿಡೀಬೇಡ, ತುಮಕೂರಿಗೆ ಹೋಗಿ ಕಂಪ್ಯೂಟರ್ ಕಲ್ತ್ಕೋ" ಎಂದು ಅರ್ಜಿಯನ್ನು ತಾವೇ ತುಂಬಿ, ನನ್ನ ಕೈಲಿ ಸೈನ್ ಹಾಕಿಸಿ ಕಳಿಸಿದರು. ಇವತ್ತು ತುಮಕೂರಿನ ಎರಡು ಕೋಣೆಯ ಆಫೀಸೊಂದರಲ್ಲಿ ಕೂತು ಮೊಬೈಲ್ ಆ್ಯಪ್ ಮಾಡುವ ಕೆಲಸ ನನಗಿದ್ದರೆ ಅದು ಆ ಅರ್ಜಿಯಿಂದ. ಈ ಮಾತನ್ನು ನಾನು ಅವರ ಮುಂದೆ ಒಂದು ಸಲವೂ ಹೇಳಲಿಲ್ಲ. ಹೇಳಬಾರದ್ದನ್ನು ಹೇಳಿದೆ, ಅದು ಆಮೇಲಿನ ಕತೆ.

ಇನ್‌ಸ್ಟಿಟ್ಯೂಟ್ ಮುಚ್ಚಿದ ಕೆಲವು ವರ್ಷಕ್ಕೆ ಅವರ ಕಣ್ಣು ಕೈಕೊಟ್ಟಿತು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ನೀರು ತುಂಬುವ ಕಾಯಿಲೆ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ನಡು ಮಸುಕಾಗಿ ಅಂಚು ಉಳಿದಿತ್ತು. "ನಿನ್ನ ಮುಖ ಕಾಣಲ್ಲ ಕಣೇ, ಕಿವಿ ಓಲೆ ಕಾಣ್ತದೆ" ಎಂದು ನಗುತ್ತಿದ್ದರು. ಉಳಿದದ್ದನ್ನು ಉಳಿಸಿಕೊಳ್ಳಲು ತಿಂಗಳು ತಿಂಗಳು ತುಮಕೂರಿನ ಆಸ್ಪತ್ರೆಯಲ್ಲಿ ಕಣ್ಣಿನೊಳಕ್ಕೇ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಿತ್ತು. ಸೂಜಿ ಅಂದರೆ ಅವರಿಗೆ ಜೀವವೇ ಹೋಗುತ್ತಿತ್ತು. ನಾನು ಗುಬ್ಬಿಯಿಂದಲೇ ಕೆಲಸಕ್ಕೆ ಓಡಾಡುತ್ತಿದ್ದ ದಿನಗಳಲ್ಲಿ ಅವರನ್ನು ಕರೆದುಕೊಂಡು ಹೋಗಿ ಬರುತ್ತಿದ್ದೆ. ಒಳಗೆ ಹೋಗುವ ತನಕ ನನ್ನ ಮಣಿಕಟ್ಟು ಹಿಡಿದಿರುತ್ತಿದ್ದರು.

ಮಿಸ್ ಮದುವೆಯಾಗಿರಲಿಲ್ಲ. ಅವರಿಗೆ ಅಂತ ಇದ್ದದ್ದು ಕುಣಿಗಲ್ ಹತ್ತಿರ ಕೊತ್ತಗೆರೆಯಲ್ಲಿರುವ ಅಕ್ಕ ಒಬ್ಬರೇ. ಆ ಅಕ್ಕನಿಗೆ ಕಿವಿ ಪೂರಾ ಕೇಳುವುದಿಲ್ಲ. ಫೋನಿನಲ್ಲಿ ಮಾತಾಡುವ ಹಾಗಿಲ್ಲ, ಬರೆದೇ ಕಳಿಸಬೇಕು. ವರ್ಷಗಟ್ಟಲೆ ತಂಗಿ ದಿನಕ್ಕೊಂದು ಮೆಸೇಜು ಬರೆದಿದ್ದರು. ಏನು ಅಡುಗೆ, ಯಾರು ಬಂದಿದ್ದರು, ಎದುರು ಮನೆಯವರ ಎಮ್ಮೆ ಕರು ಹಾಕಿತು, ಎಲ್ಲ. ಕಣ್ಣು ಮಸುಕಾದ ಮೇಲೆ ಅದು ನಿಂತಿತು. ಫೋನೇ ಕೇಳಿಸಿಕೊಂಡು ಬರೆಯುತ್ತದೆ, ಓದಿಯೂ ಹೇಳುತ್ತದೆ ಮಿಸ್ ಅಂದರೆ ಮೂಗು ಮುರಿದರು. "ಅದು ಬರೆಯೋದು ನೋಡಿದೀನಿ. ಅವರೆಕಾಯಿ ಅಂದ್ರೆ ಅವರ ಕಾಯಿ ಅಂತ ಬರೀತದೆ. ನನ್ನ ಬೆರಳಿಗೆ ಏನಾಗಿದೆ?"

ಬೆರಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಫೋನಿಗೆ ಒಂದು ಪುಟ್ಟ ಕೀಬೋರ್ಡ್ ಜೋಡಿಸಿಕೊಟ್ಟೆ. ಅಕ್ಷರ ನೋಡುವ ಅಗತ್ಯವೇ ಅವರಿಗಿರಲಿಲ್ಲ. ಬೇಕಾಗಿದ್ದದ್ದು ಒಂದೇ: ಬರೆಯುವ ಜಾಗದಲ್ಲಿ ಮಿಣುಕುತ್ತದಲ್ಲ, ಮುಂದಿನ ಅಕ್ಷರ ಇಲ್ಲಿ ಬೀಳುತ್ತದೆ ಎಂದು ತೋರಿಸುವ ನಿಂತ ಗೆರೆ, ಅದು. ನಾವು ಅದಕ್ಕೆ ಕರ್ಸರ್ ಅನ್ನುತ್ತೇವೆ. ಅದು ಕಂಡರೆ ಫೋನು ಎಚ್ಚರವಾಗಿದೆ, ಬರೆದದ್ದು ಒಳಕ್ಕೆ ಹೋಗುತ್ತಿದೆ, ತಾವು ಇಂಥಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಕಾಣದಿದ್ದರೆ ಗೋಡೆಗೆ ಬರೆದ ಹಾಗೆ. ನಮ್ಮ ಆಫೀಸಿನದೇ ಒಂದು ಚಿಕ್ಕ ಆ್ಯಪ್ ಇತ್ತು, ಕನ್ನಡದಲ್ಲಿ ಬರೆದಿಟ್ಟುಕೊಂಡು ಬೇಕಾದವರಿಗೆ ಕಳಿಸುವುದಕ್ಕೆ. ಅದರ ಗೆರೆಯ ಬಣ್ಣ ಬದಲಿಸುವುದು ನನ್ನ ಕೈಲಿತ್ತು.

ಅವರೆಕಾಯಿ ಕಾಲದ ಒಂದು ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವರು ಕಾಯಿ ಬಿಡಿಸುತ್ತಿದ್ದರು. ನಾನು ಒಂದು ಬಣ್ಣ ಹಾಕಿ ಫೋನ್ ಅವರ ಮುಂದೆ ಹಿಡಿಯುವುದು, ಅವರು ಬೈಯುವುದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಹಾಕಿದೆ. "ಸುಣ್ಣ ಚೆಲ್ಲಿದಂಗೆ ಹರಡ್ಕೊಳ್ತದೆ." ಕೆಂಪು ಹಾಕಿದೆ. "ಎಲ್ಲಿದೆ? ಸುಳ್ಳು ಹೇಳ್ತಿದೀಯ ನೀನು." ಹಸಿರು. "ಇದೆಯೇನೋ ಅನ್ನಿಸ್ತದೆ. ಅನ್ನಿಸೋದು ಬೇಡ ನಂಗೆ." ಆಮೇಲೆ ಅರಿಶಿನದಂಥ ಹಳದಿ ಹಾಕಿ, ಗೆರೆಯನ್ನು ಬೆಂಕಿಕಡ್ಡಿಯಷ್ಟು ದಪ್ಪ ಮಾಡಿದೆ. ಅವರು ಮುಖವನ್ನು ಆ ಕಡೆ ತಿರುಗಿಸಿ ಕಣ್ಣಂಚಿನಿಂದ ನೋಡಿದರು. ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ಅಯ್ಯೋ, ಬಂತು ಕಣೇ. ಕುಣೀತಿದೆ ನೋಡು, ಕಳ್ಳ ನನ್ಮಗಂದು!"

ಮಿಸ್ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಆ ಸಂಜೆಯೇ ಕೊತ್ತಗೆರೆಗೆ ಮೆಸೇಜು ಹೋಯಿತು. ಮಾರುದ್ದ ಇತ್ತು.

ಆಮೇಲೆ ಒಂದು ವರ್ಷಕ್ಕೂ ಮೇಲೆ ಆ ಹಳದಿ ಗೆರೆ ಅವರ ಬೆಳಗಿನ ಪದ್ಧತಿಯಾಯಿತು. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ನೋಟ ನೆಟ್ಟರೆ ಲಿಂಗ ಕಾಣುತ್ತಿರಲಿಲ್ಲ, ನಡುವೇ ಹೋಗಿತ್ತಲ್ಲ. ಪೂಜೆ ಮುಗಿದ ತಕ್ಷಣ ಫೋನ್ ತೆಗೆದು ಗೆರೆ ಇದೆಯಾ ಎಂದು ನೋಡುತ್ತಿದ್ದರು. ಇದ್ದರೆ ಕಣ್ಣಿದೆ. ಕಣ್ಣಿದ್ದರೆ ಮುಂದಿನ ಇಂಜೆಕ್ಷನ್ನಿಗೆ ಹೋಗಬಹುದು. "ಡಾಕ್ಟ್ರ ಅಕ್ಷರದ ಬೋರ್ಡು ಗೀರ್ಡು ನಂಗೆ ಲೆಕ್ಕಕ್ಕಿಲ್ಲ. ನಿನ್ನ ಗೆರೆ ಕಾಣೋ ತನಕ ಚುಚ್ಚಿಸ್ಕೊತೀನಿ" ಎಂದು ನನಗೆ ಹೇಳಿದ್ದರು. ನಾನು ಜಂಭದಿಂದ ಉಬ್ಬಿದ್ದೆ. ಆ ಮಾತಿನ ಇನ್ನೊಂದು ಅರ್ಧ ನನ್ನ ತಲೆಗೆ ಹೋಗಲಿಲ್ಲ.

ಮಾರನೇ ವರ್ಷ ಆಫೀಸಿನಲ್ಲಿ ಕೆಲಸ ಹೆಚ್ಚಾಗಿ ನಾನು ತುಮಕೂರಿನಲ್ಲೇ ರೂಮು ಮಾಡಿದೆ. ಆಸ್ಪತ್ರೆಗೆ ಮಿಸ್ ಜೊತೆ ಎದುರು ಮನೆಯಾಕೆ ಹೋಗುವುದೆಂದಾಯಿತು. ಯುಗಾದಿ ಹೊತ್ತಿಗೆ ನಮ್ಮ ಆಫೀಸಿನ ಯಜಮಾನರಿಗೆ ಆ್ಯಪಿನ ಅಂದಚೆಂದದ ಮೇಲೆ ಕಣ್ಣು ಬಿತ್ತು. "ಒಂದೊಂದ್ ಕಡೆ ಒಂದೊಂದ್ ಬಣ್ಣ, ಸಂತೆ ಇದ್ದಂಗೈತೆ. ಎಲ್ಲಾ ಕಡೆ ಒಂದೇ ಥರ ಬರಂಗೆ ಮಾಡಮ್ಮ" ಅಂದರು. ನಾನು ಹಳೆಯ ಬಣ್ಣಗಳನ್ನೆಲ್ಲ ಗುಡಿಸಿ ಹಾಕುತ್ತ ಹೋದೆ. ಮಿಸ್ಸಿಗೆಂದು ಆ ಹಳದಿ ಹಾಕಿದ್ದ ಕೋಡಿನ ಸಾಲೂ ಸಿಕ್ಕಿತು. ಗುರುತು ಸಿಗಲಿಲ್ಲ ಅಂದರೆ ಸುಳ್ಳು. ಸಿಕ್ಕಿತು. ಇದನ್ನು ಸೆಟ್ಟಿಂಗಿನಲ್ಲಿ ಬೇಕಾದವರು ಆರಿಸಿಕೊಳ್ಳುವ ಹಾಗೆ ಆಮೇಲೆ ಮಾಡೋಣ ಅಂದುಕೊಂಡು ಅಳಿಸಿದೆ. ಮರೆತೆ. ಯುಗಾದಿ ಆದ ಮಾರನೇ ದಿನ ಹೊಸ ಆ್ಯಪ್ ಎಲ್ಲರ ಫೋನಿಗೆ ಹೋಯಿತು.

ಒಂದು ತಿಂಗಳ ಮೇಲೆ ಕೊತ್ತಗೆರೆಯ ಅಕ್ಕ ನನಗೆ ಮೆಸೇಜು ಹಾಕಿದರು: ತಂಗಿಯಿಂದ ಏನೂ ಬರುತ್ತಿಲ್ಲ, ನೋಡಮ್ಮ. ನಾನು ಮಿಸ್ಸಿಗೆ ಫೋನ್ ಮಾಡಿದೆ. "ಕೈ ನೋವು ಕಣೇ, ಅದಕ್ಕೇ ಟೈಪ್ ಮಾಡ್ತಿಲ್ಲ" ಅಂದರು. ಆಸ್ಪತ್ರೆ? "ಅದೆಲ್ಲ ಆಯ್ತಿದೆ ಬಿಡು." ನಂಬಿದೆ. ನಂಬಿದರೆ ಗುಬ್ಬಿಗೆ ಹೋಗುವುದು ತಪ್ಪುತ್ತಿತ್ತು, ಅದಕ್ಕೇ ನಂಬಿದೆ.

ಆಷಾಢದಲ್ಲಿ ಮನೆಗೆ ಹೋದವಳು ಅವರನ್ನು ನೋಡಲು ಹೋದೆ. ಬಾಗಿಲಲ್ಲಿ ನಿಂತರೆ, "ಯಾರು?" ಅಂದರು. ಓಲೆ ಹಾಕಿಕೊಂಡೇ ಹೋಗಿದ್ದೆ. ಫೋನೂ ಕೀಬೋರ್ಡೂ ಗೂಡಿನಲ್ಲಿ ಧೂಳು ತಿನ್ನುತ್ತಿದ್ದವು. ಇಂಜೆಕ್ಷನ್ನಿಗೆ ಹೋಗಿ ಮೂರು ತಿಂಗಳಾಗಿತ್ತು.

"ಯಾಕೆ ಮಿಸ್ ಹೋಗಲಿಲ್ಲ?"

"ಗೆರೆ ಹೋಯ್ತಲ್ಲ. ಯುಗಾದಿ ಆಗಿ ಮೂರನೇ ದಿನ, ಪೂಜೆ ಮುಗಿಸಿ ಫೋನ್ ತಗೊಂಡೆ, ಇರಲಿಲ್ಲ. ಆ ಕಡೆ ತಿರುಗಿದೆ, ಈ ಕಡೆ ತಿರುಗಿದೆ, ಬರಲಿಲ್ಲ. ಒಂದು ವಾರ ನೋಡ್ದೆ. ಮಿಕ್ಕಿದ್ದು ಅಷ್ಟೋ ಇಷ್ಟೋ ಕಾಣ್ತಿತ್ತು, ಪಾತ್ರೆ ಪಗಡ. ಅದನ್ನ ನೋಡಕ್ಕೆ ಯಾರು ಕಣ್ಣಿಗೆ ಸೂಜಿ ಹಾಕಿಸ್ಕೋತಾರೆ? ಶಿವ ಕೊಟ್ಟಿದ್ದ, ಅವನೇ ತಗೊಂಡ."

ಫೋನ್ ಚಾರ್ಜಿಗೆ ಹಾಕಿ ಆ್ಯಪ್ ತೆರೆದೆ. ಕಪ್ಪು ಹಿನ್ನೆಲೆಯ ಮೇಲೆ ಕಡುನೀಲಿ ಬಣ್ಣದ ಕೂದಲೆಳೆಯಂಥ ಗೆರೆ. ನೆಟ್ಟಗಿರುವ ನನ್ನ ಕಣ್ಣಿಗೇ ಹತ್ತಿರ ಹಿಡಿಯದೆ ಕಾಣಲಿಲ್ಲ.

ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಬಿಡದೆ ಬಂದಿದ್ರೆ ಇದ್ದಿದ್ದನ್ನ ಉಳಿಸ್ಕೋಬಹುದಿತ್ತು. ಈಗ ಒಳಗೆ ಗಾಯ ಒಣಗಿ ಕಲೆ ಆಗೋಗಿದೆ" ಅಂದರು. ಆ ವಾರ ಹಳದಿಯನ್ನು ಮತ್ತೆ ಹಾಕಿ, ಇನ್ನೂ ದಪ್ಪ ಮಾಡಿ, ಏನೂ ಹೇಳದೆ ಅವರ ಮುಂದೆ ಹಿಡಿದೆ. ಅವರು ನನ್ನ ಸಮಾಧಾನಕ್ಕೆಂಬಂತೆ ಮುಖವನ್ನು ಆ ಕಡೆ ಈ ಕಡೆ ಆಡಿಸಿದರು. "ಇಲ್ಲ ಕಣೇ. ಬಿಟ್ಬಿಡು."

ಕೊತ್ತಗೆರೆಯ ಅಕ್ಕ ಬಂದು ತಂಗಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಏರ್ಪಾಡು ತಾನಾಗಿ ಆಯಿತು. ತಂಗಿ ಕುರುಡು, ಅಕ್ಕ ಕಿವುಡು. ಅಕ್ಕ ಬಾಯಲ್ಲಿ ಹೇಳುತ್ತಿದ್ದರು, ತಂಗಿ ತೊಡೆಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ಬರೆಯುತ್ತಿದ್ದರು, ಅಕ್ಕ ಫೋನಿನಲ್ಲಿ ಓದಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಓದುವವರಿದ್ದರೆ ಗೆರೆ ಯಾಕೆ ಬೇಕು? ನೋಡಿಕೊಂಡು ಬಂದವರು, ಇಬ್ಬರೂ ದಿನವೆಲ್ಲ ಹರಟುತ್ತಾರೆ, ಜಗಳವನ್ನೂ ಆಡುತ್ತಾರೆ ಅಂದರು. ಅಷ್ಟಕ್ಕೆ ನಾನು ತೆಪ್ಪಗಿರಬೇಕಿತ್ತು.

ಇರಲಾಗಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಮಿಸ್ ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಅವರಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬಣ್ಣ ತೆಗೆದದ್ದು, ಗೊತ್ತಿದ್ದೂ ತೆಗೆದದ್ದು, ಆಮೇಲೆ ಮಾಡೋಣ ಅಂದುಕೊಂಡದ್ದು. ಅಳುತ್ತ ಹೇಳಿದೆ. ಅವರಕ್ಕನಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ನಾನು ತಂಗಿಯ ಕಷ್ಟ ನೋಡಿ ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು.

ನಾನು ಹೇಳಿದ್ದೊಂದನ್ನೂ ಮಿಸ್ ಬೆರಳುಗಳು ಸೀರೆಯ ಮೇಲೆ ಟೈಪ್ ಮಾಡಿರಲಿಲ್ಲ.

"ಹಂಗಾದ್ರೆ ಅವತ್ತು ನಂಗೆ ಕಣ್ಣಿತ್ತು?"

"ಹೂಂ ಮಿಸ್."

"ಸೂಜಿ ಬಿಟ್ಟಿದ್ದು ನಾನೇ. ಇದ್ದ ಕಣ್ಣನ್ನ ನಾನೇ ಬಿಟ್ಟೆ."

"ತಪ್ಪು ನಂದು ಮಿಸ್. ನೀವು..."

"ಶಿವ ತಗೊಂಡ ಅಂದ್ಕೊಂಡು ನೆಮ್ಮದಿಯಾಗಿದ್ದೆ ಕಣೇ. ಇದನ್ನ ಹೇಳಬಾರದಿತ್ತು ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದರು. ನಾನು ಸತ್ಯ ಹೇಳಲು ಹೋಗಿರಲಿಲ್ಲ, ನನ್ನ ಭಾರ ಇಳಿಸಲು ಹೋಗಿದ್ದೆ. ಇಳಿಸಲು ಬೇರೆ ಜಾಗ ಸಿಗದೆ ಅವರ ತಲೆಯ ಮೇಲೇ ಇಳಿಸಿದೆ.

ಕಾರ್ತೀಕದಲ್ಲಿ ಹೋದರು. ನಾಲ್ಕು ದಿನ ಜ್ವರ, ಅಷ್ಟೇ. ಮಣ್ಣಿಗೆ ನಾನು ತಲುಪಲಾಗಲಿಲ್ಲ. ಹನ್ನೊಂದನೇ ದಿನ ಶಿವಗಣಾರಾಧನೆಗೆ ಹೋದೆ. ಊಟದ ಪಂಕ್ತಿ ಎದ್ದ ಮೇಲೆ ಅವರಕ್ಕ ನನ್ನನ್ನು ಹಿತ್ತಿಲಿಗೆ ಕರೆದರು.

"ನೀನು ಬಂದೋದ ದಿನದಿಂದ ಅವಳು ಆ ಕೀಬೋರ್ಡ್ ಮುಟ್ಟಲೇ ಇಲ್ಲ ಕಣವ್ವ. ತೊಡೆ ಮೇಲೆ ತಂದಿಟ್ರೂ ತಳ್ಬುಡೋಳು. ಎರಡು ತಿಂಗಳು ನಂಜೊತೆ ಒಂದು ಮಾತಾಡ್ಲಿಲ್ಲ. ನಾನೇನಾರ ತಪ್ಪು ಮಾಡಿದ್ನಾ? ನಿನ್ ತಾವ ಏನಾರ ಅಂದ್ಲಾ?"

ಕೇಳಿ, ಉತ್ತರ ಬರೆಯಲೆಂದು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಕೊನೆಗೆ, ಇಲ್ಲ ದೊಡ್ಡಮ್ಮ, ಏನೂ ಅನ್ನಲಿಲ್ಲ, ನಿಮ್ಮ ತಪ್ಪು ಏನೂ ಇಲ್ಲ ಎಂದು ಬರೆದು ಕೊಟ್ಟೆ. ಅವರು ಅದನ್ನು ತುಟಿ ಆಡಿಸುತ್ತ ಎರಡು ಸಲ ಓದಿದರು. ನಂಬಲಿಲ್ಲ ಎಂದು ಕಾಣುತ್ತದೆ. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.