ಬೇಯಿಸುವ ಮೇಡಂ
ಹೊಸ ದೇಶಕ್ಕೆ ಬಂದು ವರ್ಷ ತುಂಬುವ ಮೊದಲೇ ಅಲ್ಲಿನವರಿಗೇ ನಡೆಯಲು ಕಲಿಸಿದ ಗಟ್ಟಿಗಿತ್ತಿ ಈ ನಾಟಕದ ಮೇಡಂ. ಸಂಜೆ ತರಗತಿಯಲ್ಲಿ ಕುರ್ಚಿಗಳನ್ನೆಲ್ಲ ಮೂಲೆಗೆ ತಳ್ಳಿ, ಬರಿಗಾಲಲ್ಲಿ ನಿಂತು, "ಬಾಯಿಗೆ ಬೀಗ ಹಾಕಿ, ಮೊಣಕಾಲು ಏನನ್ನುತ್ತೆ ಕೇಳಿ" ಎಂದರೆ ಸಾಕು, ಬ್ಯಾಂಕಿನ ಗುಮಾಸ್ತ ಬಾಗಿಲಾಗುತ್ತಾನೆ, ನರ್ಸಮ್ಮ ಅದರ ಚಿಲಕವಾಗುತ್ತಾಳೆ. ಯಾರಾದರೂ ಒಬ್ಬನೇ ಮೆರೆಯಹೋದರೆ ಮೇಡಂ ಬಿಡುವವರಲ್ಲ: "ನೀನೊಬ್ನೇ ಬಾಗಿಲಾದ್ರೆ ಗೋಡೆ ಯಾರಪ್ಪಾ?" ಮನೆಯಲ್ಲೂ ಅದೇ ಪಾಠ, ಗಂಡ ಉಪ್ಪು ಬೇಕೆಂದರೂ ಭುಜದಲ್ಲೇ ಕೇಳಬೇಕು. ಅಲ್ಲಿನ ಭಾಷೆ ಮಾತ್ರ ಅವರ ನಾಲಿಗೆಗೆ ಒಗ್ಗಲಿಲ್ಲ, ಆದರೂ ಅಂಜದೆ ಆಡುತ್ತಾರೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ, ತರಗತಿಯವರೆಲ್ಲ ಒಬ್ಬರಿಗೊಬ್ಬರು "ಬೇಯಿರಿ, ಇನ್ನೂ ಬೇಯಿರಿ" ಎನ್ನುತ್ತ ಸೊಂಟ ಬಗ್ಗಿಸುವುದನ್ನು ಕಂಡು ನಕ್ಕರು. "ಅದು 'ಬಾಗಿರಿ' ಅಲ್ವೇನ್ರೀ?" ಇಷ್ಟು ದಿನ ತಪ್ಪು ಹೇಳಿಕೊಟ್ಟೆನಲ್ಲ, ಒಬ್ಬರೂ ತಿದ್ದಲಿಲ್ಲವಲ್ಲ ಎಂದು ಮೇಡಂಗೆ ಮುಖವೆತ್ತಲಾಗಲಿಲ್ಲ. ಗುಮಾಸ್ತ ಬಗ್ಗಿದಲ್ಲಿಂದಲೇ ಹೇಳಿದ: "ನಮಗೂ ಗೊತ್ತು ಸರ್. ಆದ್ರೆ ಈ ಕೋಣೇಲಿ ನಾವು ಬೇಯೋದೇ." ಮೇಡಂ ತಲೆಯೆತ್ತಿ ಅಧಿಕಾರಿಯತ್ತ ತಿರುಗಿದರು. "ಬೂಟು ಬಿಚ್ಚಿ ಸರ್, ನೀವೂ ಸ್ವಲ್ಪ ಬೇಯಿರಿ."